ಕಾಂಪೌಂಡಿನಾಚೆ ಒಂದು ಕುಂಯ್ ಕುಂಯ್

ಪಕ್ಕದ ಮನೆಗೆ ನಾಯಿಮರಿ ಬಂದಿದೆ ಎಂದು ನನಗೆ ಯಾರೂ ಬಂದು ಹೇಳಬೇಕಾಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಶುರುವಾದ ಕುಂಯ್ ಕುಂಯ್ ಬೆಳಗಿನ ಜಾವ ಮೂರರವರೆಗೂ ನಡೆಯಿತು. ನಡುವೆ ಒಮ್ಮೆ ಗಂಡನ ದನಿ, ಒಮ್ಮೆ ಹೆಂಡತಿಯ ದನಿ, ಒಮ್ಮೆ ಹಿತ್ತಲ ಬಾಗಿಲ ಚಿಲಕದ ಸದ್ದು. ನನಗೂ ನಿದ್ದೆ ಹತ್ತಲಿಲ್ಲ. ಆ ಅಳು ನನಗೆ ಚೆನ್ನಾಗಿ ಗೊತ್ತಿರುವ ಅಳು. ಈ ಮನೆಗೆ ಬಂದ ಇಪ್ಪತ್ತಾರು ವರ್ಷದಲ್ಲಿ ಐದು ನಾಯಿ ತಂದಿದ್ದೇನೆ. ನಾಲ್ಕು ಇಲ್ಲೇ ಇದ್ದು ಇಲ್ಲೇ ಮುದಿಯಾದವು. ಒಂದರ ಕತೆ ಆಮೇಲೆ ಹೇಳುತ್ತೇನೆ. ಐದೂ ಮೊದಲ ರಾತ್ರಿ ಹೀಗೇ ಅತ್ತಿವೆ.

ಪುಟ್ಟೇನಹಳ್ಳಿ ಅಂದಕೂಡಲೇ ಆಟೋದವರು ಜೆ.ಪಿ. ನಗರದ ಕಡೆಗೆ ಲೆಕ್ಕ ಹಾಕುತ್ತಾರೆ. ಅಲ್ಲೂ ಒಂದು ಪುಟ್ಟೇನಹಳ್ಳಿ ಇದೆ, ಅಲ್ಲೂ ಒಂದು ಕೆರೆ ಇದೆ. ನಮ್ಮದು ಯಲಹಂಕದ ಪುಟ್ಟೇನಹಳ್ಳಿ. ಇಲ್ಲಿನ ಹಳೇ ಬೀದಿಗಳಲ್ಲಿ ಇನ್ನೂ ಕಾಂಪೌಂಡಿನ ಮೇಲೆ ಮೊಣಕೈ ಊರಿ ಮಾತಾಡಬಹುದು. ನಮ್ಮಿಬ್ಬರ ಮನೆ ನಡುವಿನ ಗೋಡೆ ನನ್ನ ಎದೆಮಟ್ಟಕ್ಕೆ ಬರುತ್ತದೆ. ಅವರ ಕರಿಬೇವು ನಮ್ಮ ಕಡೆ ಬಾಗಿದೆ, ನಮ್ಮ ದುಂಡುಮಲ್ಲಿಗೆ ಅವರ ಕಡೆ ಹಬ್ಬಿದೆ. ಬೆಳಿಗ್ಗೆ ಹೂ ಬಿಡಿಸುವ ನೆಪದಲ್ಲಿ ಹೋಗಿ ನಿಂತೆ. ಆ ಮನೆಯ ಸೊಸೆ ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಬಟ್ಟೆ ಒಣಗಿಸುತ್ತಿದ್ದಳು.

"ರಾತ್ರಿ ಎಲ್ಲಿ ಮಲಗಿಸಿದ್ರಿ?" ಅಂದೆ.

"ಹಿಂದೆ ಬಟ್ಟೆ ಒಗೆಯೋ ಜಾಗದಲ್ಲಿ ಆಂಟಿ. ಗೋಣಿಚೀಲ ಹಾಸಿ, ಹಾಲಿಟ್ಟು, ಬಾಗಿಲು ಹಾಕಿದ್ವಿ. ಅತ್ರೂ ಹೋಗಬಾರದು, ಹೋದ್ರೆ ಅದೇ ಅಭ್ಯಾಸ ಆಗಿಬಿಡುತ್ತೆ ಅಂತ ಎಲ್ರೂ ಹೇಳಿದ್ರು."

ಆ 'ಎಲ್ರೂ' ಹೇಳುವ ಮಾತು ನನಗೆ ಒಪ್ಪಿಗೆಯಿಲ್ಲ, ಅವಳಿಗೂ ಅದನ್ನೇ ಹೇಳಿದೆ. ಮರಿ ಸಿಕ್ಕಿದ್ದು ದೊಡ್ಡಬಳ್ಳಾಪುರ ರಸ್ತೆ ಬದಿಯಲ್ಲಿ, ಮರಳಿನ ಗುಡ್ಡೆಯ ಪಕ್ಕ. ತಾಯಿ ಗಾಡಿಗೆ ಸಿಕ್ಕಿ ಸತ್ತಿತ್ತಂತೆ. ಉಳಿದ ಮೂರು ಮರಿಗಳನ್ನು ಬೇರೆಯವರು ಎತ್ತಿಕೊಂಡು ಹೋಗಿದ್ದರು. ಹಲ್ಲು ನೋಡಿದ ವೈದ್ಯರು ಎಂಟು ವಾರ ಇರಬಹುದು ಎಂದರಂತೆ. ಯೋಚನೆ ಮಾಡಿ: ಆ ಎಂಟು ವಾರದಲ್ಲಿ ಅದು ಒಂದು ರಾತ್ರಿಯೂ ಒಂಟಿಯಾಗಿ ಮಲಗಿಲ್ಲ. ಒಂದರ ಮೇಲೊಂದು ಬಿದ್ದುಕೊಂಡು, ಒಬ್ಬರ ಹೊಟ್ಟೆಯ ಕಾವು ಇನ್ನೊಬ್ಬರಿಗೆ ತಾಗಿಸಿಕೊಂಡು ನಿದ್ದೆ ಮಾಡಿದ ಜೀವ ಅದು. ಮರಿ ಒಂಟಿಯಾದರೆ ಕೂಗುತ್ತದೆ, ಕೂಗು ಕೇಳಿ ತಾಯಿ ಬರುತ್ತಾಳೆ. ಅದು ಬದುಕಿಕೊಳ್ಳಲು ಹುಟ್ಟಿನಿಂದ ಬಂದ ದಾರಿ. ಕೂಗಿ ಕೂಗಿ ಸುಸ್ತಾಗಿ ಮೂರು ಗಂಟೆಗೆ ಸುಮ್ಮನಾದದ್ದನ್ನು ಅಭ್ಯಾಸವಾಯಿತು ಎಂದು ನಾವು ತಿಳಿಯುತ್ತೇವೆ. ಕೂಗಿದರೆ ಯಾರೂ ಬರುವುದಿಲ್ಲ ಎಂಬುದನ್ನಷ್ಟೇ ಅದು ಕಲಿತಿರುತ್ತದೆ.

"ಇವತ್ತು ನಿಮ್ಮ ಮಂಚದ ಪಕ್ಕಕ್ಕೆ ತನ್ನಿ. ಒಂದು ಹಣ್ಣಿನ ಡಬ್ಬ, ಒಳಗೆ ನೀವು ಉಟ್ಟು ಬಿಟ್ಟ ಸೀರೆ, ಒಗೆದದ್ದಲ್ಲ. ಅತ್ತರೆ ಎತ್ತಿ ಆಡಿಸಬೇಡಿ, ಕೈ ಇಳಿಬಿಡಿ. ಬೆರಳು ಮೂಸಿ ಮಲಗುತ್ತೆ" ಅಂದೆ. "ನಾಲ್ಕೈದು ದಿನ ಕಳೆದ ಮೇಲೆ ದಿನಕ್ಕೊಂದು ಮೊಳದಂತೆ ಡಬ್ಬ ದೂರ ಸರಿಸುತ್ತಾ ಹೋಗಿ. ಬೇಕಾದ ಕಡೆಗೆ ತಲುಪಿಸಬಹುದು." ಬಾಟಲಿಗೆ ಬಿಸಿನೀರು ತುಂಬಿ ಟವಲು ಸುತ್ತಿ ಇಟ್ಟರೆ ಇನ್ನೂ ಒಳ್ಳೆಯದು. ಟಿಕ್ ಟಿಕ್ ಗಡಿಯಾರ ಪಕ್ಕದಲ್ಲಿಟ್ಟರೆ ತಾಯಿಯ ಎದೆಬಡಿತ ಅಂದುಕೊಳ್ಳುತ್ತದೆ ಎನ್ನುವವರಿದ್ದಾರೆ. ನಾನೂ ಒಮ್ಮೆ ಇಟ್ಟು ನೋಡಿದೆ, ಮರಿಗೆ ಅದರಿಂದ ಏನೂ ಆಗಲಿಲ್ಲ. ಕೈ ಸಾಕು.

ಎರಡನೇ ರಾತ್ರಿ ಅಳು ಅರ್ಧ ಗಂಟೆಗೆ ನಿಂತಿತು.

ಆದರೆ ಎರಡನೇ ದಿನದ ಹಗಲು? ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವ ಮಾತಿದೆಯಲ್ಲ, ಆ ಮನೆಯಲ್ಲಿ ಅವತ್ತು ನಡೆದದ್ದು ಅದೇ. ಬೆಳಿಗ್ಗೆ ಸ್ನಾನ. ಮಧ್ಯಾಹ್ನ ಕೆಂಪು ಬೆಲ್ಟು, ಫೋಟೊ. ಸಂಜೆ ಬೀದಿಯ ಮಕ್ಕಳೆಲ್ಲ ಬಂದು ಸರದಿಯಲ್ಲಿ ಎತ್ತಿಕೊಂಡರು. ಮನೆಯವರ ಭಾವನಂಟ ಒಬ್ಬರು ಬಂದು ಮರಿಯನ್ನು ಬೆನ್ನ ಮೇಲೆ ಮಲಗಿಸಿ "ಯಾರು ಯಜಮಾನ ಅಂತ ಮೊದಲೇ ತಿಳಿಸಬೇಕು" ಎಂದು ಅದುಮಿ ಹಿಡಿದರಂತೆ. ಹೋಗುವಾಗ "ಸಾಕೋದಾದ್ರೆ ಮುಧೋಳ ಸಾಕಬೇಕಿತ್ತು" ಎಂದರಂತೆ. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆ, ನಿಜ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದಿದೆ, ಸೇನೆಗೂ ಸೇರಿದೆ. ಬಯಲಲ್ಲಿ ಮೊಲದ ಹಿಂದೆ ಓಡಲೆಂದು ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ತಳಿ ಅದು. ಮೂವತ್ತು-ನಲವತ್ತರ ಸೈಟಿನಲ್ಲಿ, ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದನ್ನು ಇಡುವುದು ಅನ್ಯಾಯ.

ಮರಿ ಮೂರನೇ ದಿನ ಚಪ್ಪಲಿ ಗೂಡಿನ ಕೆಳಗೆ ಸೇರಿಕೊಂಡು ಹೊರಗೇ ಬರಲಿಲ್ಲ. "ನಮ್ಮನ್ನ ಕಂಡ್ರೆ ಇಷ್ಟ ಇಲ್ವೇನೋ ಆಂಟಿ" ಎಂದು ಆ ಹುಡುಗಿ ಗೋಡೆ ಹತ್ತಿರ ಬಂದು ಕಣ್ಣೀರು ತಂದುಕೊಂಡಳು. ಅವಳ ಕೈಯಲ್ಲಿ ಹೊಸ ಆಟಿಕೆಗಳು ಐದಾರು ಇದ್ದವು.

ನಾನು ಅವಳಿಗೆ ಕೇಳಿದೆ: "ನೀನು ಮದುವೆಯಾಗಿ ಈ ಮನೆಗೆ ಬಂದ ಮೊದಲ ದಿನ ನೆನಪಿದೆಯಾ? ಎಲ್ಲರೂ ಒಳ್ಳೆಯವರೇ. ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದ್ರು. ಆದ್ರೂ ಒಂದು ಗಳಿಗೆ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತುಕೊಳ್ಳೋಣ ಅನ್ನಿಸಿರಲಿಲ್ವಾ?" ಅವಳು ಆಟಿಕೆಗಳನ್ನು ಕೆಳಗಿಟ್ಟಳು.

ನಾಯಿ ಸಾಕುವ ವಿಷಯದಲ್ಲಿ ನಾನು ಇಷ್ಟು ವರ್ಷದಲ್ಲಿ ಕಲಿತದ್ದು ಮುಖ್ಯವಾಗಿ ಇದೊಂದೇ. ಮೊದಲ ದಿನಗಳಲ್ಲಿ ಮಾಡಬೇಕಾದ ಕೆಲಸಕ್ಕಿಂತ ಮಾಡದೆ ಬಿಡಬೇಕಾದ ಕೆಲಸ ಹೆಚ್ಚು. ಎಂಟು ವಾರದ ಮರಿಗೆ ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ನಿದ್ದೆ ಬೇಕು. ನಿದ್ದೆಯಲ್ಲಿ ಎಬ್ಬಿಸಿ ಕೈಯಿಂದ ಕೈಗೆ ದಾಟಿಸಿದರೆ ಅದು ಬಳಲಿ ಕಚ್ಚಲು ಶುರುಮಾಡುತ್ತದೆ. ನೋಡಿದವರು ತುಂಟ ಮರಿ ಎನ್ನುತ್ತಾರೆ. ಅದಕ್ಕೂ ಮೊದಲು ಅದು ಹತ್ತು ಸಲ ಸಾಕು ಎಂದು ಹೇಳಿರುತ್ತದೆ. ಮುಖ ಆಚೆ ತಿರುಗಿಸುತ್ತದೆ, ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ, ಬಾಲ ಹೊಟ್ಟೆಯಡಿ ಸೇರುತ್ತದೆ. ಇವೆಲ್ಲ ಅದರ ಮಾತು. ಅದು ಎದ್ದು ಹೋದರೆ ಹಿಂದೆ ಹೋಗಬಾರದು. ತಾನಾಗಿ ಬಂದು ಕಾಲು ಮೂಸಿದರೆ ಕೂತಲ್ಲೇ ಕೈ ಚಾಚಿ ಗಲ್ಲದ ಕೆಳಗೆ ಸವರಬೇಕು. ತಲೆಯ ಮೇಲಿಂದ ಬರುವ ಕೈ ಮರಿಗೆ ಹದ್ದಿನ ಹಾಗೆ ಕಾಣುತ್ತದೆ. ಬೆನ್ನ ಮೇಲೆ ಮಲಗಿಸಿ ಅದುಮಿದರೆ ಯಜಮಾನಿಕೆ ಸಾಬೀತಾಗುವುದಿಲ್ಲ, ಆ ಮನುಷ್ಯನ ಕೈ ಕಂಡರೆ ಹೆದರಬೇಕು ಎಂಬುದು ಮಾತ್ರ ಮನಸ್ಸಿನಲ್ಲಿ ಕೂರುತ್ತದೆ.

ಬೀದಿಯಿಂದ, ಆಶ್ರಯಧಾಮದಿಂದ ನಾಯಿ ತಂದು ಸಾಕುವವರಲ್ಲಿ ಒಂದು ಲೆಕ್ಕ ಚಾಲ್ತಿಯಲ್ಲಿದೆ: ಮೂರು ದಿನ, ಮೂರು ವಾರ, ಮೂರು ತಿಂಗಳು. ಮೊದಲ ಮೂರು ದಿನ ದಿಗಿಲು ಇಳಿಯಲು, ಮೂರು ವಾರ ಮನೆಯ ಹೊತ್ತುಗೊತ್ತು ತಿಳಿಯಲು, ಮೂರು ತಿಂಗಳು ಇದು ನನ್ನ ಮನೆ ಅನ್ನಿಸಲು. ಪಂಚಾಂಗದಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ. ಆದರೂ ಮೂರನೇ ದಿನಕ್ಕೇ ಕಂಗೆಡುವವರಿಗೆ ಈ ಲೆಕ್ಕ ಹೇಳಬೇಕು. ನಮ್ಮ ನಾಲ್ಕರಲ್ಲಿ ಕೊನೆಯದು ದೊಡ್ಡ ವಯಸ್ಸಿನಲ್ಲಿ ಬಂದ ಹೆಣ್ಣು ನಾಯಿ. ನಾವು ಎದುರಿಗಿದ್ದರೆ ಊಟ ಮಾಡುತ್ತಿರಲಿಲ್ಲ. ತಟ್ಟೆ ಇಟ್ಟು ನಾವು ಒಳಗೆ ಹೋಗುತ್ತಿದ್ದೆವು. ಹತ್ತೊಂಬತ್ತನೇ ದಿನ ನನ್ನ ಕಣ್ಣೆದುರಿಗೆ ಒಂದು ತುತ್ತು ತಿಂದಿತು. ಆ ತಾರೀಕನ್ನು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ.

ಒಂದರ ಕತೆ ಆಮೇಲೆ ಹೇಳುತ್ತೇನೆ ಎಂದೆನಲ್ಲ, ಅದು ನಮ್ಮ ಮೊದಲ ಮರಿಯದು. ಮಗನ ಹುಟ್ಟುಹಬ್ಬಕ್ಕೆಂದು ಒಂದು ಅಂಗಡಿಯಿಂದ ತಂದದ್ದು. ನಲವತ್ತೈದು ದಿನದ ಮರಿ ಎಂದರು. ನಾಯಿ ಮಾರುವವರ ಬಾಯಲ್ಲಿ ಎಲ್ಲ ಮರಿಗಳಿಗೂ ನಲವತ್ತೈದೇ ದಿನ. ನಮ್ಮದಕ್ಕೆ ಒಂದು ತಿಂಗಳೂ ಆಗಿರಲಿಲ್ಲವೋ ಏನೋ, ಹಲ್ಲು ಪೂರ್ತಿ ಬಂದಿರಲಿಲ್ಲ. ಲಸಿಕೆ ಆಗಿದೆ ಎಂದು ಬಾಯಿಮಾತಲ್ಲಿ ಹೇಳಿದ್ದನ್ನು ನಂಬಿ ಕೆರೆಯ ಕಡೆ, ಅಂಗಡಿ ಕಡೆ ಎಲ್ಲ ನೆಲಕ್ಕೆ ಬಿಟ್ಟು ಓಡಾಡಿಸಿದೆವು. ಆರನೇ ದಿನ ವಾಂತಿ, ಏಳನೇ ದಿನ ರಕ್ತಭೇದಿ. ಪಾರ್ವೊ. ಡ್ರಿಪ್ ಹಾಕಿಸಿಕೊಂಡು ಎರಡು ದಿನ ಮಗನ ತೊಡೆಯ ಮೇಲೆ ಮಲಗಿತ್ತು, ಮೂರನೇ ದಿನ ಹೋಯಿತು. ಅದಕ್ಕೆ ಇನ್ನೂ ಹೆಸರೂ ಇಟ್ಟಿರಲಿಲ್ಲ.

ಈಗ ಕಾನೂನಿದೆ. ನಾಯಿ ತಳಿ ಬೆಳೆಸುವ ಮತ್ತು ಮಾರುವವರಿಗಾಗಿ 2017ರಲ್ಲಿ ಬಂದ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ತಾಯಿಯ ಮೈಗೆ ಅಂಟಿಕೊಂಡು ಒಡಹುಟ್ಟಿದವರ ಜೊತೆ ಕಚ್ಚಾಡುವ ಆ ವಾರಗಳಲ್ಲೇ ಮರಿ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಕಲಿಯುತ್ತದೆ. ಆದ್ದರಿಂದ ನಲವತ್ತೈದು ದಿನ ಎಂದು ಯಾರಾದರೂ ಕೈಗಿಟ್ಟರೆ ಬೇಡ ಎನ್ನಿ.

ಪಾರ್ವೊ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮ ಚಪ್ಪಲಿಗೆ ಅಂಟಿ ಮನೆಯೊಳಗೂ ಬರುತ್ತದೆ. ಮರಿಗೆ 6ರಿಂದ 8 ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ 16 ವಾರ ಆಗುವವರೆಗೆ ಮುಂದಿನವು, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಒಂದೇ ಸಲ ಹಾಕಿ ಮುಗಿಸಬಾರದೇ ಎಂದು ಆ ಹುಡುಗಿಯ ಗಂಡ ಕೇಳಿದ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿರುವವರೆಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಆ ರಕ್ಷಣೆ ಒಂದೊಂದು ಮರಿಗೆ ಒಂದೊಂದು ವಾರದಲ್ಲಿ ಇಳಿಯುತ್ತದೆ. ಅದಕ್ಕೇ ಮತ್ತೆ ಮತ್ತೆ ಹಾಕಬೇಕು. ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ಇದೆ, ಅದರದೇ ಆಸ್ಪತ್ರೆ ಇದೆ. ಹಸು, ಕುರಿ, ಗಿಳಿ, ನಾಯಿ ಎಲ್ಲವೂ ಒಂದೇ ಅಂಗಳದಲ್ಲಿ ಕಾಯುತ್ತಿರುತ್ತವೆ. ಅಲ್ಲಿ ಮರಿಯನ್ನು ನೆಲಕ್ಕೆ ಬಿಡದೆ ಮಡಿಲಲ್ಲೇ ಇಟ್ಟುಕೊಳ್ಳಿ ಎಂದೆ. ಕಾಯಿಲೆ ಬಂದ ನಾಯಿಗಳೂ ಅಲ್ಲೇ ನಿಂತಿರುತ್ತವೆ.

ಹಾಗಂತ ನಾಲ್ಕು ತಿಂಗಳು ಮನೆಯೊಳಗೇ ಮುಚ್ಚಿಟ್ಟರೆ ಬೇರೆ ತೊಂದರೆ. ಮೂರರಿಂದ ಹದಿನಾಲ್ಕನೇ ವಾರದೊಳಗೆ ಮರಿ ಏನೇನು ನೋಡಿ, ಕೇಳಿ, ಮೂಸಿ ಪರವಾಗಿಲ್ಲ ಎಂದುಕೊಳ್ಳುತ್ತದೋ ಅದೆಲ್ಲ ಜೀವನಪರ್ಯಂತ ಪರವಾಗಿಲ್ಲ. ಆ ಕಿಟಕಿ ಮುಚ್ಚಿದ ಮೇಲೆ ಎದುರಾದ ಹೊಸದೆಲ್ಲ ಸಂಶಯವೇ. ನಾನು ಹೇಳಿಕೊಟ್ಟ ಉಪಾಯ ಸುಲಭದ್ದು. ಬೆಳಿಗ್ಗೆ ಸಂಜೆ ಹತ್ತು ಹತ್ತು ನಿಮಿಷ ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಗೇಟಿನ ಹತ್ತಿರ ನಿಲ್ಲುವುದು. ಹಾಲಿನ ವ್ಯಾನು, ಹಾಡು ಹಾಕಿಕೊಂಡು ಬರುವ ಕಸದ ಆಟೋ, ಹೆಲ್ಮೆಟ್ಟಿನವರು, ಕೊಡೆಯವರು, ಸೊಪ್ಪು ಮಾರುವವಳ ಕೂಗು, ಸಮವಸ್ತ್ರದ ಮಕ್ಕಳು. ಒಂದೊಂದು ಹೊಸದು ಬಂದಾಗಲೂ ಕಡಲೆಕಾಳಿನಷ್ಟು ಚಿಕನ್ನು. ಯಾರೂ ಮುಟ್ಟುವುದು ಬೇಡ, ನೋಡಿದರೆ ಸಾಕು.

ಉಚ್ಚೆಯ ಪಾಠ ಎಲ್ಲರನ್ನೂ ಅಳಿಸುತ್ತದೆ. ಪಕ್ಕದ ಮನೆಯಲ್ಲಿ ಆ ಹುಡುಗಿಯ ಅತ್ತೆ ಪೂಜೆಯ ಕೋಣೆ ಮುಂದೆ ಒಂದು ಸಲ ಕಾಲಿಟ್ಟು ಜಾರಿದರು. ಆಮೇಲೆ ಮರಿಯ ಮೂಗನ್ನು ಅದಕ್ಕೆ ಉಜ್ಜಬೇಕು ಎಂದು ಎದುರುಮನೆಯವರು ಸಲಹೆ ಕೊಟ್ಟರು. ಅದನ್ನು ದಯವಿಟ್ಟು ಯಾರೂ ಮಾಡಬೇಡಿ. ಮಾಡಿ ಹತ್ತು ನಿಮಿಷವಾದ ಮೇಲೆ ಬೈದರೆ ಯಾವುದಕ್ಕೆ ಬೈಗುಳ ಎಂದು ಮರಿಗೆ ತಿಳಿಯುವುದಿಲ್ಲ. ಮನುಷ್ಯರ ಎದುರು ಉಚ್ಚೆ ಮಾಡಿದರೆ ಅಪಾಯ ಎಂದಷ್ಟೇ ತಿಳಿದು ಮುಂದೆ ಸೋಫಾದ ಹಿಂದೆ, ಮಂಚದ ಕೆಳಗೆ ಹೋಗಿ ಮಾಡುತ್ತದೆ. ಎರಡು ತಿಂಗಳ ಮರಿ ಹಗಲಲ್ಲಿ ಎರಡು-ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು, ಎಚ್ಚರವಾಗಿ ಆಡುತ್ತಿದ್ದರೆ ಇನ್ನೂ ಕಡಿಮೆ. ಆದ್ದರಿಂದ ನಾವೇ ಮುಂದಾಗಬೇಕು. ನಿದ್ದೆಯಿಂದ ಎದ್ದ ತಕ್ಷಣ, ತಿಂದ ಹತ್ತು-ಹದಿನೈದು ನಿಮಿಷಕ್ಕೆ, ಆಟ ಮುಗಿದ ಮೇಲೆ, ಮಲಗುವ ಮುಂಚೆ, ಅದನ್ನು ಎತ್ತಿಕೊಂಡು ಒಂದೇ ಜಾಗಕ್ಕೆ ಹೋಗಿ ಸುಮ್ಮನೆ ನಿಲ್ಲಬೇಕು. ಅಲ್ಲಿ ಮಾಡಿದ ಕ್ಷಣವೇ ಹೊಗಳಬೇಕು. ಒಳಗೆ ಬಂದ ಮೇಲೆ ಹೊಗಳಿದರೆ ಒಳಗೆ ಬಂದದ್ದಕ್ಕೆ ಹೊಗಳಿದ ಹಾಗೆ. ಅವರ ಹಿತ್ತಲಲ್ಲಿ ಕರಿಬೇವಿನ ಬುಡದ ಪಕ್ಕ ಒಂದು ಮೊಳ ಜಾಗ ಗೊತ್ತುಮಾಡಿದೆವು. ಅತ್ತೆಯವರು ಕರಿಬೇವು ನನ್ನ ಕಡೆಯ ಕೊಂಬೆಯಿಂದ ಕೀಳಲು ಒಪ್ಪಿದರು.

ನೆಲ ಒರೆಸುವುದಕ್ಕೂ ಒಂದು ಮಾತು. ಫಿನೈಲಿನ ವಾಸನೆ ನಮ್ಮ ಮೂಗಿಗೆ ಹಳೆಯದನ್ನು ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ. ವಾಸನೆ ಇದ್ದಲ್ಲೇ ಮರಿ ಮತ್ತೆ ಮಾಡುತ್ತದೆ. ಫಿನೈಲ್ ನೆಕ್ಕಿದರೆ ಮರಿಗೆ ವಿಷವೂ ಹೌದು. ಇದಕ್ಕೆಂದೇ ಕಿಣ್ವ ಬೆರೆಸಿದ ದ್ರಾವಣ ಸಿಗುತ್ತದೆ. ಇಲ್ಲದಿದ್ದರೆ ವಿನೆಗರ್ ಬೆರೆಸಿದ ನೀರು.

ಊಟದ ವಿಷಯದಲ್ಲಿ ನನ್ನ ಅತ್ತೆಯ ಕಾಲದವರದು ಒಂದೇ ಮಂತ್ರ: ಹಾಲನ್ನ. ಬಹಳ ಮರಿಗಳಿಗೆ ಹಸುವಿನ ಹಾಲು ಒಗ್ಗುವುದಿಲ್ಲ, ಭೇದಿಯಾಗುತ್ತದೆ. ಮರಿ ಮೊದಲು ಏನು ತಿನ್ನುತ್ತಿತ್ತೋ ಅದನ್ನೇ ಕೊಟ್ಟು, ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪ ಹೊಸದಕ್ಕೆ ದಾಟಿಸಬೇಕು. ನಾಲ್ಕು ಹೊತ್ತು ಊಟ, ಸದಾ ನೀರು. ಇನ್ನೊಂದು ಮಾತನ್ನು ಮಾತ್ರ ನಾನು ಗೋಡೆಯ ಈಚೆಯಿಂದ ಎರಡು ಸಲ ಹೇಳಿದೆ. ನಾಯಿಗೆ ದ್ರಾಕ್ಷಿ ವಿಷ, ಒಣದ್ರಾಕ್ಷಿಯೂ ವಿಷ; ಮೂತ್ರಪಿಂಡ ಕೆಡುತ್ತದೆ. ನಮ್ಮ ಮನೆಗಳಲ್ಲಿ ಪಾಯಸ, ಕೇಸರಿಬಾತು, ಸಜ್ಜಿಗೆ ಎಲ್ಲದರಲ್ಲೂ ಒಣದ್ರಾಕ್ಷಿ. ಹಬ್ಬದ ದಿನ ಪ್ರೀತಿಯಿಂದ ಒಂದು ಚಮಚ ಹಾಕಿಬಿಡುತ್ತೇವೆ. ಈರುಳ್ಳಿ ಬೆಂದ ಹುಳಿಯನ್ನೂ ಕಲಸಿ ಹಾಕುತ್ತೇವೆ, ಈರುಳ್ಳಿ ಬೆಳ್ಳುಳ್ಳಿ ಅದರ ರಕ್ತಕ್ಕೆ ಕೆಡುಕು. ಚಾಕೊಲೇಟು ಬೇಡ, ಬೇಯಿಸಿದ ಕೋಳಿಯ ಮೂಳೆ ಬೇಡ. ಮೊಟ್ಟೆ, ಮೂಳೆ ಬಿಡಿಸಿದ ಕೋಳಿ, ಅನ್ನ, ಕುಂಬಳ, ತೆಳ್ಳಗೆ ಬೇಯಿಸಿದ ರಾಗಿ ಇವು ಸಾಕು.

ಇಷ್ಟರಲ್ಲಿ ಹೆಸರಿನ ಜಗಳ ಶುರುವಾಯಿತು. ಗಂಡನಿಗೆ ಚಾರ್ಲಿ ಎಂದಿಡುವ ಆಸೆ. 2022ರಲ್ಲಿ '777 ಚಾರ್ಲಿ' ಸಿನಿಮಾ ಬಂದ ಮೇಲೆ ನಮ್ಮ ಬಡಾವಣೆಯಲ್ಲೇ ನನಗೆ ಮೂರು ಚಾರ್ಲಿಗಳು ಗೊತ್ತು. ಪಾರ್ಕಿನಲ್ಲಿ ಒಬ್ಬರು ಕೂಗಿದರೆ ಮೂರೂ ತಿರುಗುತ್ತವೆ. ಹುಡುಗಿಗೆ ಕಾಳಿ ಎಂದಿಡುವ ಆಸೆ. ಮರಿ ಹೆಣ್ಣು, ಮೈಯೆಲ್ಲ ಕಪ್ಪು, ಎದೆಯ ಮೇಲೆ ಒಂದು ಬೆರಳಗಲ ಬಿಳಿ. "ದೇವಿಯ ಹೆಸರು ನಾಯಿಗಿಡೋದಾ?" ಎಂದು ಅತ್ತೆಯವರು ಬೇಸರಪಟ್ಟರು. ನನ್ನನ್ನು ಪಂಚಾಯಿತಿಗೆ ಕರೆದರು.

ನಾನು ಅವರಿಗೆ ಆತಕೂರಿನ ಕಲ್ಲಿನ ವಿಷಯ ಹೇಳಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಅದು. ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನ ಕಡೆ ಗಂಗರ ಬೂತುಗ ನಿಂತು ಚೋಳರನ್ನು ಸೋಲಿಸಿದ. ಅವನ ಬಂಟ ಮಣಲೆರ ಮುಂದೆ ನಿಂತು ಕಾದಾಡಿದ. ದೊರೆ ಮೆಚ್ಚಿ ಬೇಕಾದ್ದು ಕೇಳು ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಬೇಟೆಯಲ್ಲಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ದೇವಸ್ಥಾನದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಅಲ್ಲಿನ ಗೊರವ ಉಣ್ಣಬಾರದು ಎಂದೂ ಬರೆಸಿದ. ಹಂದಿಯ ಮೇಲೆ ಎರಗಿದ ನಾಯಿಯ ಚಿತ್ರ ಕಲ್ಲಿನ ಮೇಲೆ ಈಗಲೂ ಇದೆ.

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಾವಿರ ವರ್ಷದ ಹೆಸರಾ? ಹಾಗಾದ್ರೆ ಇರಲಿ" ಎಂದರು. ಆವತ್ತಿನಿಂದ ಮರಿ ಕಾಳಿ. ಊಟಕ್ಕೆ ಕರೆಯುವಾಗ, ಮುದ್ದು ಮಾಡುವಾಗ ಮಾತ್ರ ಹೆಸರು ಬಳಸಿ, ಬೈಯುವಾಗ ಬಳಸಬೇಡಿ ಎಂದೆ. ಹೆಸರು ಕೇಳಿದರೆ ಓಡಿ ಬರಬೇಕು, ಓಡಿ ಹೋಗಬಾರದು.

ಸದ್ದಿನ ವಿಷಯ ನಮ್ಮ ಯಲಹಂಕದವರಿಗೆ ಉಳಿದವರಿಗಿಂತ ದೊಡ್ಡದು. ವಾಯುನೆಲೆ ಪಕ್ಕದಲ್ಲೇ ಇದೆ. 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಇಲ್ಲೇ ನಡೆಯುತ್ತಿದೆ. ಅದರ ತಾಲೀಮು ಶುರುವಾದರೆ ಕಿಟಕಿ ಗಾಜು ನಡುಗುತ್ತದೆ. ಬೆಂಗಳೂರಿನವರೆಲ್ಲ ಮಾಳಿಗೆ ಹತ್ತಿ ಆಕಾಶ ನೋಡುವಾಗ ನಮ್ಮ ಎರಡನೇ ನಾಯಿ ಬಚ್ಚಲುಮನೆಯ ಮೂಲೆಯಲ್ಲಿ ಬಕೆಟ್ಟಿನ ಹಿಂದೆ ನಡುಗುತ್ತಾ ಕೂತಿರುತ್ತಿತ್ತು. ಮನುಷ್ಯರ ಕಿವಿ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಹಿಡಿದರೆ ನಾಯಿಯದು 45,000ದವರೆಗೂ ಹಿಡಿಯುತ್ತದೆ. ಸಣ್ಣ ಸದ್ದೂ ಅದಕ್ಕೆ ದೂರದಿಂದ ಕೇಳುತ್ತದೆ. ಕಾಳಿ ಬಂದದ್ದು ಗಣೇಶನ ಹಬ್ಬ ಮುಗಿದ ವಾರ, ದೀಪಾವಳಿ ಇನ್ನೂ ಮುಂದಿತ್ತು. ಈಗಿನಿಂದಲೇ ಫೋನಿನಲ್ಲಿ ಪಟಾಕಿ, ತಮಟೆ, ವಿಮಾನದ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಅದೇ ಹೊತ್ತಿಗೆ ಊಟ ಕೊಡಿ. ಕಿವಿ ನಿಮಿರಿಸಿ ಊಟ ನಿಲ್ಲಿಸಿದರೆ ಸದ್ದು ಇಳಿಸಿ ಎಂದು ಹೇಳಿಕೊಟ್ಟೆ. ಹಬ್ಬದ ರಾತ್ರಿ ಒಳಕೋಣೆಯಲ್ಲಿ ಪರದೆ ಎಳೆದು, ಫ್ಯಾನು ಹಾಕಿ, ಪಕ್ಕದಲ್ಲಿ ಕೂರಬೇಕು. ಹೆದರಿದ ನಾಯಿಯನ್ನು ಸಮಾಧಾನ ಮಾಡಿದರೆ ಹೆದರಿಕೆ ಹೆಚ್ಚಾಗುತ್ತದೆ ಎನ್ನುವುದು ಸುಳ್ಳು. ಹೆದರಿಕೆ ಯಾರೂ ಸಾಕಿ ಬೆಳೆಸುವ ವಸ್ತುವಲ್ಲ, ಪಕ್ಕದಲ್ಲಿ ಒಬ್ಬರಿದ್ದರೆ ಇಳಿಯುತ್ತದೆ.

ಗಂಡಹೆಂಡಿರಿಬ್ಬರೂ ಒಂದು ವಾರ ರಜೆ ಹಾಕಿದ್ದರು. ಏಳು ದಿನ ಬಿಡದೆ ಜೊತೆಗಿದ್ದು ಎಂಟನೇ ದಿನ ಇಬ್ಬರೂ ಒಟ್ಟಿಗೆ ಬಾಗಿಲು ಹಾಕಿಕೊಂಡು ಹೋದರೆ ಮರಿಗೆ ಆಕಾಶ ಕಳಚಿಬಿದ್ದ ಹಾಗೆ. ನಾಲ್ಕನೇ ದಿನದಿಂದಲೇ ಅಭ್ಯಾಸ ಮಾಡಿಸಿದೆವು. ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ಹೋಗಿ ಬರುವುದು, ಒಂದು ನಿಮಿಷ, ಐದು ನಿಮಿಷ, ಅಂಗಡಿಗೆ ಹೋಗಿ ಬರುವಷ್ಟು. ಹೋಗುವಾಗ ಅಪ್ಪಿ ಮುದ್ದಾಡಿ ದೊಡ್ಡ ಬೀಳ್ಕೊಡುಗೆ ಬೇಡ, ಬಂದಾಗಲೂ ಸಂಭ್ರಮ ಬೇಡ. ಅತ್ತೆಯವರು ಮನೆಯಲ್ಲೇ ಇರುವುದು ಕಾಳಿಯ ಪುಣ್ಯ. ಹಗಲಿಡೀ ಒಂಟಿಯಾಗಿ ಬಿಡುವ ಮನೆಗೆ ಎರಡು ತಿಂಗಳ ಮರಿ ತರಲೇಬಾರದು. ಅಂಥವರು ದೊಡ್ಡ ನಾಯಿಯೊಂದನ್ನು ತಂದು ಸಾಕುವುದು ಒಳ್ಳೆಯದು. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು ಶುರುಮಾಡಿದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳು ಬೆಂಗಳೂರಿನಲ್ಲಿವೆ. ಮರಿಗಳಿಗೆ ಸಿಗುವಷ್ಟು ಬೇಗ ದೊಡ್ಡ ನಾಯಿಗಳಿಗೆ ಮನೆ ಸಿಗುವುದಿಲ್ಲ.

ನಮ್ಮ ಬೀದಿಗೆ ಮೂರು ಹಳೇ ನಾಯಿಗಳಿವೆ. ಮೂರರದೂ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದೆ, ಸಂತಾನಹರಣವಾದದ್ದಕ್ಕೆ ಗುರುತು. ಕಾಳಿಯನ್ನು ಅವಕ್ಕೆ ಪರಿಚಯ ಮಾಡಿಸಲು ಅವಸರ ಮಾಡಲಿಲ್ಲ. ಕಾಳಿ ಮಲಗಿದ ಬಟ್ಟೆಯ ತುಂಡನ್ನು ಗೇಟಿನ ಹೊರಗೆ ಇಟ್ಟೆವು. ಅವು ಮೂಸಿದವು, ಒಂದು ಅದರ ಮೇಲೆ ಕಾಲೆತ್ತಿತು, ಹೋದವು. ಈಗ ಗೇಟಿನ ಸಂದಿಯಿಂದ ಮೂಗಿಗೆ ಮೂಗು ಕೊಡುತ್ತವೆ. ಲಸಿಕೆ ಮುಗಿದ ಮೇಲೆ ಉಳಿದದ್ದು.

ಮುಂದೆ ಕೆರೆಯ ಕಡೆ ಓಡಾಡಿಸುವಾಗ ಒಂದು ನೆನಪಿರಲಿ ಎಂದಿದ್ದೇನೆ. ನಮ್ಮ ಪುಟ್ಟೇನಹಳ್ಳಿ ಕೆರೆ ಬರೀ ಕೆರೆಯಲ್ಲ, 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾದ ಜಾಗ. ಬಣ್ಣದ ಕೊಕ್ಕರೆ, ಹಾವಕ್ಕಿ, ಇರುಳು ಬಕ ಅಲ್ಲಿಗೆ ಬರುತ್ತವೆ, ಮರಗಳ ಮೇಲೆ ಗೂಡು ಕಟ್ಟುತ್ತವೆ. ನೆಲಕ್ಕೆ ಬಿದ್ದ ಮರಿಹಕ್ಕಿ ನಾಯಿಯ ಕಣ್ಣಿಗೆ ಆಟಿಕೆ. ಎಷ್ಟೇ ಸಾಧು ನಾಯಿಯಾದರೂ ಅಲ್ಲಿ ಹಗ್ಗ ಬಿಚ್ಚಬಾರದು. ಕಾಳಿಗೆ ಮನೆ ಸಿಕ್ಕಿತು ಎಂದು ಹಕ್ಕಿಗಳ ಮನೆ ಹೋಗಬಾರದು.

ಮೊನ್ನೆಗೆ ಇಪ್ಪತ್ತೆರಡು ದಿನವಾಯಿತು. ಮಧ್ಯಾಹ್ನ ಮಲ್ಲಿಗೆಗೆ ನೀರು ಹಾಕುತ್ತಿದ್ದೆ. ಗೋಡೆಯ ಬುಡದಲ್ಲಿ ಮಳೆನೀರು ಹೋಗಲೆಂದು ಬಿಟ್ಟ ಒಂದು ಕಿಂಡಿಯಿದೆ, ಒಂದು ಇಟ್ಟಿಗೆಯಷ್ಟು. ಅದರಲ್ಲಿ ಒಂದು ಕಪ್ಪು ಮೂಗು ಕಾಣಿಸಿತು. ನಾನು ಕರೆಯಲಿಲ್ಲ, ಕೈಯನ್ನೂ ಚಾಚಲಿಲ್ಲ. ಕೊಡ ಕೆಳಗಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತೆ. ಮೂಗು ಒಳಗೆ ಹೋಯಿತು, ಮತ್ತೆ ಬಂತು. ಐದಾರು ನಿಮಿಷವಾದ ಮೇಲೆ ನನ್ನ ಕಾಲ್ಬೆರಳಿಗೆ ಒದ್ದೆ ತಾಗಿತು. ಗೋಡೆಯಾಚೆ ಅತ್ತೆಯವರು "ಕಾಳೀ, ಊಟ" ಎಂದು ಕೂಗಿದರು. ಮೂಗು ಮಾಯವಾಯಿತು, ಸಿಮೆಂಟಿನ ಮೇಲೆ ಉಗುರಿನ ಟಕಟಕ ಸದ್ದು ಅಡುಗೆಮನೆಯವರೆಗೂ ಕೇಳಿಸಿತು.

ನಿಮ್ಮ ಬೀದಿಯಲ್ಲಿ ಯಾರ ಮನೆಗಾದರೂ ಹೊಸ ಮರಿ ಬಂದಿದ್ದರೆ, ಮೊದಲ ವಾರ ನೋಡಲು ಹೋಗಬೇಡಿ. ಮಕ್ಕಳನ್ನೂ ಕಳಿಸಬೇಡಿ. ಮನೆಯವರನ್ನು ಕಾಂಪೌಂಡಿನ ಈಚೆ ನಿಂತು ಮಾತಾಡಿಸಿ, ರಾತ್ರಿ ನಿದ್ದೆ ಕೆಟ್ಟವರಿಗೆ ಒಂದು ಹೊತ್ತಿನ ಸಾರು ಮಾಡಿ ಕೊಡಿ. ಮರಿ ತಾನಾಗಿ ಬರುವವರೆಗೆ ಕಾಯಿರಿ.